ಮೊದಲ ರೂಪಾಯಿ ತಾರಸಿಗೆ

ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ, ರಾಯಚೂರಿನ ಬಿಸಿಲು 42 ಡಿಗ್ರಿ ದಾಟುವುದು ಹೊಸದೇನಲ್ಲ. ಆರ್‌ಸಿಸಿ ಮನೆಯ ಮೇಲ್ಮಹಡಿಯಲ್ಲಿರುವವರಿಗೆ ಮಧ್ಯಾಹ್ನಕ್ಕಿಂತ ರಾತ್ರಿಯೇ ಹೆಚ್ಚು ಕಷ್ಟ. ಹಗಲೆಲ್ಲ ಕಾದ ಸ್ಲ್ಯಾಬ್ ಹೊತ್ತು ಮುಳುಗಿದ ಮೇಲೆ ಕಾವನ್ನು ಒಳಕ್ಕೆ ಬಿಡುತ್ತದೆ, ಫ್ಯಾನು ಅದೇ ಬಿಸಿಗಾಳಿಯನ್ನು ಸುತ್ತಿಸುತ್ತದೆ. ತಡೆಯಲಾರದೆ ಎಸಿ ಅಂಗಡಿಗೆ ಹೋಗುತ್ತೇವೆ. ದುಡ್ಡು ದಾರಿ ತಪ್ಪುವುದು ಇಲ್ಲೇ ಎಂಬುದು ನನ್ನ ವಾದ. ಒಳಗೆ ಬಂದ ಕಾವನ್ನು ಹೊರಹಾಕಲು ತಿಂಗಳು ತಿಂಗಳೂ ಹಣ ತೆರಬೇಕು, ಬಾರದಂತೆ ತಡೆಯಲು ವರ್ಷಕ್ಕೊಮ್ಮೆ ತೆತ್ತರೆ ಸಾಕು.

ಹಳೆಯ ಮಾಳಗಿ ಮನೆಗಳಲ್ಲಿ ದಪ್ಪ ಮಣ್ಣಿನ ಮೇಲ್ಮುದ್ದೆಯೇ ಈ ಕಾವಲು ಕಾಯುತ್ತಿತ್ತು. ನಾಲ್ಕೈದು ಇಂಚಿನ ಕಾಂಕ್ರೀಟಿಗೆ ಆ ತಾಕತ್ತಿಲ್ಲ. ತಾರಸಿಗೆ ಸುಣ್ಣವನ್ನೋ ಬಿಸಿಲನ್ನು ಹಿಂದಕ್ಕೆ ಕಳಿಸುವ ಬಿಳಿ ಪೇಂಟನ್ನೋ ಬಳಿದರೆ ಒಳಗಿನ ಉಷ್ಣಾಂಶ 2ರಿಂದ 5 ಡಿಗ್ರಿಯಷ್ಟು ಇಳಿಯಬಲ್ಲದು. ನೆರೆಯ ತೆಲಂಗಾಣ 2023ರಲ್ಲಿ ಇದಕ್ಕೆಂದೇ ಒಂದು ನೀತಿ ತಂದಿತು. ಧೂಳು ಕೂತು ಬಿಳುಪು ಮಾಸುತ್ತದೆ, ಸುಣ್ಣ ಒಂದೇ ಮಳೆಗಾಲಕ್ಕೆ ತೊಳೆದುಹೋಗುತ್ತದೆ ಎನ್ನುವವರಿದ್ದಾರೆ. ನಿಜವೇ. ಆದರೆ ಶಿವರಾತ್ರಿ ಕಳೆದ ಮೇಲೆ ಬಳಿದ ಸುಣ್ಣ ಜೂನ್ ತನಕ ನಿಂತರೆ ಅದರ ಕೆಲಸ ಮುಗಿಯಿತು. ಬಾಡಿಗೆದಾರರ ತೊಡಕು ಬೇರೆ, ತಾರಸಿ ಅವರ ಕೈಯಲ್ಲಿಲ್ಲ. ಅವರು ಪಡುವಣ ಕಿಟಕಿಗೆ ಹೊರಗಿನಿಂದ ಬಿದಿರಿನ ಪರದೆಯನ್ನೋ ಹಸಿರು ನೆಟ್ಟನ್ನೋ ಕಟ್ಟಲಿ. ಗಾಜು ದಾಟಿ ಬಂದ ಬಿಸಿಲನ್ನು ಒಳಗಿನ ಬಟ್ಟೆಯ ಪರದೆ ಅಷ್ಟಾಗಿ ತಡೆಯದು.

‘ಗೃಹಜ್ಯೋತಿಯಲ್ಲಿ ಕರೆಂಟು ಉಚಿತ ತಾನೆ, ಉಳಿಸುವುದೇನು?’ ಎಂಬ ಪ್ರಶ್ನೆಯೂ ಉಂಟು. ಉಳಿಸಬೇಕಾದ್ದೇ ಆ ಸೌಲಭ್ಯವನ್ನು. 2022-23ರ ನಿಮ್ಮ ಸರಾಸರಿ ಬಳಕೆಗೆ ಸ್ವಲ್ಪ ಸೇರಿಸಿ ಉಚಿತದ ಮಿತಿ ಗೊತ್ತುಮಾಡಿದ್ದಾರೆ, ಅದನ್ನು ಮೀರಿದ ಯೂನಿಟ್‌ಗಳಿಗೆ ಹಣ ಕಟ್ಟಬೇಕು. ತಿಂಗಳಿಗೆ 200 ಯೂನಿಟ್ ದಾಟಿದರೆ ಇಡೀ ಬಿಲ್ಲೇ ನಿಮ್ಮದು. ಒಂದೂವರೆ ಟನ್ನಿನ ಎಸಿ ಗಂಟೆಗೆ ಒಂದು ಯೂನಿಟ್ ಎಳೆಯುತ್ತದೆಂದು ಹಿಡಿದರೂ ರಾತ್ರಿ ಎಂಟು ಗಂಟೆಯಂತೆ ತಿಂಗಳಿಗೆ 240 ಯೂನಿಟ್. ಅದೊಂದೇ ಗೆರೆ ದಾಟಿಸುತ್ತದೆ. ಅದೇ 75 ವಾಟ್‌ನ ಹಳೆಯ ಫ್ಯಾನಿನ ಜಾಗಕ್ಕೆ 30 ವಾಟ್‌ನ ಬಿಎಲ್‌ಡಿಸಿ ಫ್ಯಾನ್ ಬಂದರೆ, ದಿನಕ್ಕೆ 15 ಗಂಟೆಯ ಲೆಕ್ಕದಲ್ಲಿ ತಿಂಗಳಿಗೆ ಸುಮಾರು 20 ಯೂನಿಟ್ ಉಳಿತಾಯ. ಮೂರು ಫ್ಯಾನಿದ್ದ ಮನೆಗೆ ಇದು ಸಣ್ಣ ಮೊತ್ತವಲ್ಲ.

ಹಾಗೆಂದು ಫ್ಯಾನೊಂದನ್ನೇ ನಂಬಿ ಕೂರಿ ಎನ್ನಲಾರೆ. ಗಾಳಿ 40 ಡಿಗ್ರಿ ಮೀರಿದಾಗ ಫ್ಯಾನು ಮೈಗೆ ತಂಪಿನ ಬದಲು ಕಾವನ್ನೇ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿದೆ. ವಯಸ್ಸಾದವರು, ಎಳೆಗೂಸುಗಳಿರುವ ಮನೆಯಲ್ಲಿ ಬಿಲ್ಲಿನ ಮುಖ ನೋಡಿ ಜೀವವನ್ನು ಬಳಲಿಸಬಾರದು. ಕಲಬುರಗಿಯ ಒಣಹವೆಗೆ ಕಿಟಕಿ ತೆರೆದಿಟ್ಟ ಕೂಲರ್ ಚೆನ್ನಾಗಿ ಒಗ್ಗುತ್ತದೆ, ನೀರಿನ ಅನುಕೂಲವಿರಬೇಕಷ್ಟೆ. ಮಂಗಳೂರಿನ ಬೆವರು ಸೆಖೆಗೆ ಅದು ದಂಡ. ಅಲ್ಲಿ ಎಸಿಯೇ ಬೇಕೆಂದರೆ ಒಂದೇ ಕೋಣೆಗೆ ಹಾಕಿಸಿ, 26 ಡಿಗ್ರಿಗಿಟ್ಟು ಜೊತೆಗೆ ಫ್ಯಾನು ತಿರುಗಿಸಿ. ಒಂದೊಂದು ಡಿಗ್ರಿ ಏರಿಸಿದಾಗಲೂ ಸುಮಾರು 6 ಪ್ರತಿಶತ ವಿದ್ಯುತ್ ಉಳಿಯುತ್ತದೆಂಬುದು ಕೇಂದ್ರದ ಇಂಧನ ದಕ್ಷತಾ ಬ್ಯೂರೋದ ಅಂದಾಜು. ತಾರಸಿಗೆ ಮೊದಲೇ ಬಿಳಿ ಬಳಿದಿದ್ದರೆ ಆ ಎಸಿ ಬೇಗ ಕೋಣೆಯನ್ನು ತಣಿಸುತ್ತದೆ, ಒಂದೂವರೆ ಟನ್ ಬೇಕಿದ್ದ ಕೋಣೆಗೆ ಒಂದು ಟನ್ನಿನದೇ ಸಾಲಲೂಬಹುದು.