ನೀರು ನಿಂತ ಕಡೆಯೇ ತೂತಿರಬೇಕೆಂದಿಲ್ಲ
ಮಾದರಿ ಸಬ್‌ಮರೀನಿನ ಡಬ್ಬಿಯ ಹಿಂಭಾಗದಲ್ಲಿ ಪ್ರತಿ ಸಲವೂ ಚಮಚದಷ್ಟು ನೀರು ಸಿಗುತ್ತದೆ, ಹಾಗಾಗಿ ಪ್ರೊಪೆಲ್ಲರ್ ಷಾಫ್ಟ್ ಸುತ್ತ ಸಿಲಿಕೋನ್ ಸೀಲೆಂಟ್ ಮೆತ್ತಿದೆ ಎಂದು ಬರೆದಿದ್ದೀರಿ. ಬಾಲ ತಗ್ಗಿದರೆ ಎಲ್ಲಿ ಸೋರಿದ ನೀರೂ ಅಲ್ಲಿಗೇ ಹರಿಯುತ್ತದಲ್ಲ! ಮೊದಲು ಆ ಸೀಲೆಂಟ್ ಕೆರೆದು ತೆಗೆಯಿರಿ. ಒಣಗುವಾಗ ವಿನೆಗರ್ ವಾಸನೆ ಬರುವ ಬಗೆಯದಾದರೆ, ಅದರಿಂದ ಹೊರಡುವ ಆಮ್ಲ ಸರ್ಕ್ಯೂಟಿನ ತಾಮ್ರವನ್ನು ತಿನ್ನುತ್ತದೆ. ಥಿನ್ನರ್ ಹಾಕಬೇಡಿ, ಅಕ್ರಿಲಿಕ್ ಕೊಳವೆ ಬಿರುಕು ಬಿಟ್ಟೀತು.

ಈಗ ಬ್ಯಾಟರಿ, ಸರ್ವೋ ಎಲ್ಲ ಹೊರಗಿಟ್ಟು, ಡಬ್ಬಿಯ ಗಾಳಿರಂಧ್ರಕ್ಕೆ ಸಣ್ಣ ಪೈಪ್ ಸಿಕ್ಕಿಸಿ, ಬಕೆಟ್ಟಿನಲ್ಲಿ ಮುಳುಗಿಸಿ ಮೆಲ್ಲಗೆ ಊದಿ. ಸೈಕಲ್ ಪಂಪ್ ಬೇಡ. ಒಂದು ಮೀಟರ್ ಆಳದಲ್ಲಿ ನೀರಿನ ಹೆಚ್ಚುವರಿ ಒತ್ತಡ ಸುಮಾರು 0.1 ಬಾರ್ ಅಷ್ಟೇ. ಗುಳ್ಳೆ ಎಲ್ಲಿಂದ ಏಳುತ್ತದೆ ನೋಡಿ. ಮುಚ್ಚಳದ ಅಂಚಿನಿಂದಾದರೆ ಓ-ರಿಂಗ್ ಬಿಚ್ಚಿ ಬೆಳಕಿಗೆ ಹಿಡಿಯಿರಿ: ಅಂಟಿಕೊಂಡ ಒಂದೇ ಒಂದು ತಲೆಗೂದಲು ಸಾಕು ಸೋರಲು. ಒರೆಸಿ, ನೈಟ್ರೈಲ್ ರಿಂಗಾದರೆ ತೆಳುವಾಗಿ ಸಿಲಿಕೋನ್ ಗ್ರೀಸ್ ಸವರಿ. ಷಾಫ್ಟಿನ ಬಳಿ ಮಾತ್ರ ಗುಳ್ಳೆಗೆ ಮೋಸಹೋಗಬೇಡಿ. ಸೀಲಿನ ತುಟಿ ನೀರಿನ ಕಡೆ ಮುಖ ಮಾಡಿದ್ದರೆ, ಸರಿಯಿದ್ದರೂ ಒಳಗಿನ ಗಾಳಿಯನ್ನು ಅದು ಬಿಟ್ಟುಕೊಡಬಹುದು.

ನನಗೆ ಹೆಚ್ಚು ಗುಮಾನಿ ನೀವು ಹೊರಗೆ ಎಳೆದಿರುವ ಆಂಟೆನಾ ತಂತಿಯ ಮೇಲೆ. ಅದರ ತುದಿ ಬಿಚ್ಚಿದ್ದರೆ ನೀರು ಪ್ಲಾಸ್ಟಿಕ್ ಹೊದಿಕೆಯೊಳಗೆ, ತಾಮ್ರದ ಎಳೆಗಳ ಸಂದಿಯಲ್ಲೇ ಒಳಗೆ ನುಸುಳುತ್ತದೆ. ತುದಿಗೆ ಎಪಾಕ್ಸಿ ಹಚ್ಚಿ.

ಇನ್ನೊಂದು ಮಾತು, ಡಬ್ಬಿಯನ್ನು ಬಿಸಿಲಲ್ಲಿ ಮುಚ್ಚಬೇಡಿ. ಬಿಸಿ ಗಾಳಿ ನೀರಿಗಿಳಿದು ತಣಿದಾಗ ಒಳಗಿನ ಒತ್ತಡ ಕುಸಿದು, ಸಣ್ಣ ಸಂದಿಯಿದ್ದರೂ ನೀರನ್ನು ಎಳೆದುಕೊಳ್ಳುತ್ತದೆ.