ತಪ್ಪಿಹೋದ ಲಸಿಕೆ

ಮಗು ಹುಟ್ಟಿದ ದಿನದಿಂದ ಮೊದಲುಗೊಂಡು ಯಾವ ವಯಸ್ಸಿನಲ್ಲಿ ಯಾವ ಲಸಿಕೆಯನ್ನು ಹಾಕಿಸಬೇಕೆಂಬುದಕ್ಕೆ ನಮ್ಮ ದೇಶದಲ್ಲಿ ಒಂದು ಕ್ರಮವನ್ನು ಗೊತ್ತುಮಾಡಿದ್ದಾರೆ. ಹುಟ್ಟಿದಾಗ, ಬಳಿಕ 6, 10 ಮತ್ತು 14ನೆಯ ವಾರಗಳಲ್ಲಿ, 9 ತಿಂಗಳು ತುಂಬಿದ ಮೇಲೆ, ಅನಂತರ 16ರಿಂದ 24 ತಿಂಗಳ ನಡುವೆ ಮುಖ್ಯವಾದ ಲಸಿಕೆಗಳು ಬರುತ್ತವೆ. ಆದರೆ ಸಂಸಾರವು ಪಟ್ಟಿಯಂತೆ ಸಾಗುವುದಿಲ್ಲ. ಕೂಲಿಗಾಗಿ ಗುಳೆ ಹೋಗಬೇಕಾಗುತ್ತದೆ. ಬಾಣಂತಿಯು ತವರಿನಿಂದ ಗಂಡನ ಮನೆಗೆ ಹೊರಡುತ್ತಾಳೆ. ಮನೆಯಲ್ಲಿ ಯಾರೋ ಕಾಯಿಲೆ ಬೀಳುತ್ತಾರೆ. 2020ರ ಕೋವಿಡ್ ಪಿಡುಗಿನ ಕಾಲದಲ್ಲಂತೂ ಲಕ್ಷಾಂತರ ಮಕ್ಕಳ ಸರದಿ ತಪ್ಪಿತು.

ಹೀಗೆ ತಪ್ಪಿದಾಗ ತಂದೆತಾಯಿಗಳಲ್ಲಿ ಎರಡು ಬಗೆಯ ಭಾವನೆಗಳು ಮೂಡುವುದುಂಟು. ಹಿಂದೆ ಹಾಕಿಸಿದ್ದೆಲ್ಲ ವ್ಯರ್ಥವಾಯಿತು, ಮತ್ತೆ ಮೊದಲಿನಿಂದ ಹಾಕಿಸಬೇಕು ಎಂಬುದು ಒಂದು. ಕಾಲ ಮೀರಿತು, ಇನ್ನು ಹಾಕಿಸಿ ಫಲವಿಲ್ಲ ಎಂಬುದು ಇನ್ನೊಂದು. ಇವೆರಡೂ ಸರಿಯಲ್ಲ. ಏಕೆಂಬುದನ್ನು ವಿಚಾರಿಸೋಣ.

ಲಸಿಕೆಯು ಮೊದಲ ಸಲ ದೇಹವನ್ನು ಹೊಕ್ಕಾಗ, ರಕ್ತದ ಬಿಳಿಯ ಕಣಗಳಲ್ಲಿ ಕೆಲವು ಅದನ್ನು ಗುರುತಿಸಿ, ವೃದ್ಧಿಹೊಂದಿ, ಪ್ರತಿಕಾಯಗಳೆಂಬ ರಕ್ಷಕವಸ್ತುಗಳನ್ನು ತಯಾರಿಸುತ್ತವೆ. ಕೆಲಸ ಮುಗಿದ ಮೇಲೆ ಇವುಗಳಲ್ಲಿ ಬಹುಪಾಲು ನಶಿಸುತ್ತವೆ. ಆದರೆ ಕೆಲವು ಉಳಿದುಕೊಂಡು ಆ ರೋಗಾಣುವಿನ ನೆನಪನ್ನು ಕಾಯುತ್ತವೆ. ಈ ನೆನಪು ಎಷ್ಟು ದೀರ್ಘವೆಂಬುದನ್ನು ಲಸಿಕೆಯಲ್ಲದೆ ರೋಗವೇ ಒಮ್ಮೆ ತೋರಿಸಿಕೊಟ್ಟಿತು. 1846ರಲ್ಲಿ ಡೆನ್ಮಾರ್ಕಿಗೆ ಸೇರಿದ ಫೆರೋ ದ್ವೀಪಗಳಲ್ಲಿ ದಡಾರ ಹಬ್ಬಿ, ಸುಮಾರು 7,800 ನಿವಾಸಿಗಳಲ್ಲಿ 6,000ಕ್ಕೂ ಹೆಚ್ಚು ಮಂದಿ ಅದಕ್ಕೆ ತುತ್ತಾದರು. ಅದನ್ನು ಪರಿಶೀಲಿಸಲು ಹೋದ ಪಾನುಮ್ ಎಂಬ ತರುಣ ವೈದ್ಯನು ಒಂದು ವಿಶೇಷವನ್ನು ಕಂಡನು. 1781ರಲ್ಲಿ, ಎಂದರೆ 65 ವರ್ಷಗಳ ಹಿಂದೆ, ದಡಾರವನ್ನು ಅನುಭವಿಸಿದ್ದ ವೃದ್ಧರಲ್ಲಿ ಒಬ್ಬರಿಗೂ ಅದು ಮರುಕಳಿಸಲಿಲ್ಲ. ದೇಹದ ಈ ಸ್ಮರಣಶಕ್ತಿಯನ್ನೇ ಲಸಿಕೆಯೂ ಆಶ್ರಯಿಸಿದೆ. ಕೆಲವು ತಿಂಗಳು ತಡವಾದ ಮಾತ್ರಕ್ಕೆ ಆ ನೆನಪು ಅಳಿಸುವುದಿಲ್ಲ. ಆದುದರಿಂದ ನಿಂತಲ್ಲಿಂದ ಮುಂದುವರಿಸಿದರೆ ಸಾಕು.

ಹಾಗಾದರೆ ತಡಮಾಡಿದರೂ ಚಿಂತೆಯಿಲ್ಲವೆ? ಚಿಂತೆಯುಂಟು. ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ಮೊದಲಾದವುಗಳಿಗೆ ಒಂದೇ ಸಲ ಕೊಟ್ಟ ಲಸಿಕೆಯಿಂದ ದೊರೆಯುವ ರಕ್ಷಣೆ ಸಾಲದು. ಎರಡನೆಯ ಮತ್ತು ಮೂರನೆಯ ಸಲವೇ ಅದು ಗಟ್ಟಿಯಾಗುತ್ತದೆ. ನಾಯಿಕೆಮ್ಮಂತೂ ಒಂದು ವರ್ಷದೊಳಗಿನ ಕೂಸುಗಳಿಗೇ ಹೆಚ್ಚು ಮಾರಕ. ನೆನಪು ಕಾಯಬಲ್ಲದು, ರೋಗವು ಕಾಯುವುದಿಲ್ಲ.

ದಡಾರದ ವಿಷಯ ಸ್ವಲ್ಪ ಬೇರೆ. 9 ತಿಂಗಳಲ್ಲಿ ಲಸಿಕೆ ಹಾಕಿದರೆ 100ರಲ್ಲಿ ಸುಮಾರು 85 ಮಕ್ಕಳಿಗೆ ರಕ್ಷಣೆ ದೊರೆಯುತ್ತದೆ. ತಾಯಿಯಿಂದ ಬಂದ ಪ್ರತಿಕಾಯಗಳು ಇನ್ನೂ ಉಳಿದಿದ್ದರೆ ಲಸಿಕೆಯನ್ನು ಅವೇ ಅಡಗಿಸಿಬಿಡಬಹುದು. ಹೀಗೆ ಬಿಟ್ಟುಹೋದ ಮಕ್ಕಳನ್ನು ಕಾಪಾಡುವುದೇ ಎರಡನೆಯ ಸಲದ ಉದ್ದೇಶ. ಆದಕಾರಣ ಅದನ್ನು ಕೈಬಿಡಬಾರದು. ಎರಡು ವರ್ಷ ದಾಟಿದ್ದರೂ ಐದು ತುಂಬುವುದರೊಳಗೆ ಹಾಕಿಸಬಹುದು.

ಇನ್ನು ತಡವಾಯಿತೆಂದು ಆತುರಪಡುವುದೂ ಸಲ್ಲದು. ಒಂದೇ ಲಸಿಕೆಯ ಎರಡು ಸರದಿಗಳ ನಡುವೆ ಕನಿಷ್ಠ 4 ವಾರಗಳ ಅಂತರವಿರಬೇಕು. ಬಿಳಿಯ ಕಣಗಳು ಪಕ್ವವಾಗಲು ಅಷ್ಟು ಕಾಲ ಬೇಕು. ಆದರೆ ಬೇರೆ ಬೇರೆ ಲಸಿಕೆಗಳನ್ನು ಒಂದೇ ದಿನ ಬೇರೆ ಬೇರೆ ಕಡೆ ಚುಚ್ಚಿ ಕೊಡುವುದರಿಂದ ಬಾಧೆಯಿಲ್ಲ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಆರನೆಯ ವಾರದಲ್ಲಿ ಐದು ರೋಗಗಳ ಪೆಂಟಾವೇಲೆಂಟ್ ಲಸಿಕೆಯನ್ನು ಪಡೆದ ಮಗುವೊಂದು, ತಂದೆತಾಯಿಗಳೊಡನೆ ಗುಳೆ ಹೋಗಿ, 8 ತಿಂಗಳು ತುಂಬಿದಾಗ ಊರಿಗೆ ಮರಳಿತೆನ್ನೋಣ. ಮೊದಲನೆಯದನ್ನು ಪುನಃ ಕೊಡಬೇಕಾಗಿಲ್ಲ. ಬಂದ ಕೂಡಲೆ ಎರಡನೆಯದನ್ನು ಕೊಡಬೇಕು. 4 ವಾರಗಳು ಕಳೆದು 9 ತಿಂಗಳು ತುಂಬಿದ ಮೇಲೆ ಮೂರನೆಯದನ್ನೂ ದಡಾರ-ರುಬೆಲ್ಲಾ ಲಸಿಕೆಯನ್ನೂ ಒಂದೇ ದಿನ ಕೊಡಬಹುದು. ತಪ್ಪಿದ ಪೋಲಿಯೋ ಹನಿಗಳನ್ನೂ ಇದರೊಡನೆಯೇ ಹಾಕಿಸಬಹುದು.

ಕೆಲವು ಲಸಿಕೆಗಳಿಗೆ ಮಾತ್ರ ವಯಸ್ಸಿನ ಮಿತಿಯುಂಟು. ಹೆಪಟೈಟಿಸ್-ಬಿ ರೋಗವು ಹೆರಿಗೆಯಲ್ಲಿ ತಾಯಿಯಿಂದ ಮಗುವಿಗೆ ತಗಲಬಹುದಾದ್ದರಿಂದ, ಅದರ ಮೊದಲ ಲಸಿಕೆಯನ್ನು ಹುಟ್ಟಿದ 24 ಗಂಟೆಗಳೊಳಗೆ ಕೊಡುತ್ತಾರೆ. ಎಳೆಗೂಸುಗಳನ್ನು ಕಾಡುವ ಉಗ್ರವಾದ ಕ್ಷಯವನ್ನು ತಡೆಯುವ ಬಿ.ಸಿ.ಜಿ.ಯನ್ನು ಒಂದು ವರ್ಷದೊಳಗೆ ಕೊಡುತ್ತಾರೆ. ಹೀಗೆ ಒಂದರ ಕಾಲ ಮೀರಿದ್ದರೂ ಉಳಿದವುಗಳನ್ನು ಬಿಡಬೇಕಾಗಿಲ್ಲ. ಯಾವುದು ಬೇಕು, ಯಾವುದು ಬೇಡವೆಂಬುದನ್ನು ವೈದ್ಯರೇ ನಿರ್ಣಯಿಸುತ್ತಾರೆ.

ತಾಯಂದಿರು ಮಾಡಬೇಕಾದುದು ಇಷ್ಟೆ: ತಾಯಿ ಕಾರ್ಡನ್ನು ತೆಗೆದುಕೊಂಡು, ಮುಂದಿನ ಸರದಿಯ ದಿನಕ್ಕಾಗಿ ಕಾಯದೆ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕಾಗಲಿ ಆಶಾ ಕಾರ್ಯಕರ್ತೆಯ ಬಳಿಗಾಗಲಿ ಹೋಗುವುದು. ಸಣ್ಣ ನೆಗಡಿಯಾಗಲಿ ಮೈ ಕೊಂಚ ಬೆಚ್ಚಗಿರುವುದಾಗಲಿ ಲಸಿಕೆಗೆ ಅಡ್ಡಿಯಲ್ಲ. ತಡವಾಯಿತೆಂಬ ಸಂಕೋಚವೂ ಅಡ್ಡಿಯಾಗಬಾರದು. ತಪ್ಪಿದ ದಿನವನ್ನು ಮರಳಿ ತರಲಾಗದಿದ್ದರೂ, ತಪ್ಪಿದ ಲಸಿಕೆಯನ್ನು ಬಹುಮಟ್ಟಿಗೆ ತುಂಬಿಕೊಡಬಹುದಾಗಿದೆ.