ಶಾಲು ಕಿರಿದಾಗುತ್ತ ಹೋದರೆ

ಉಪ್ಪಿನಂಗಡಿಯ ಸಹೋದರಿಗೆ,

ಸೀರೆಗೆ ಕ್ರೋಶಾ ಕುಚ್ಚು ಹಾಕಿ ಅಭ್ಯಾಸವಿದ್ದರೂ ಅತ್ತೆಯವರಿಗೆಂದು ಶುರುಮಾಡಿದ ಶಾಲು ಸಾಲುಸಾಲಿಗೂ ಕಿರಿದಾಗುತ್ತಿದೆ ಎಂದು ಬರೆದಿದ್ದೀರಿ. ಬಹುಶಃ ಸಾಲಿನ ಕೊನೆಯ ಕಂಬ ತಪ್ಪಿಹೋಗುತ್ತಿದೆ. ತಿರುಗಿಸುವಾಗ ಹಾಕುವ 3 ಚೈನೇ ಹೊಸ ಸಾಲಿನ ಮೊದಲ ಕಂಬ. ಅದರ ಬುಡಕ್ಕೆ ಮತ್ತೊಂದು ಹಾಕಬೇಡಿ. ಆದರೆ ಮುಂದಿನ ಸಾಲಿನಲ್ಲಿ ಅಲ್ಲಿಗೆ ಮರಳಿದಾಗ ಕೊನೆಯ ಕಂಬವನ್ನು ಆ ಮೂರನೆಯ ಚೈನಿನ ನೆತ್ತಿಗೇ ಹಾಕಬೇಕು. ಅದು ಬರೀ ಗಂಟಿನಂತೆ ಕಾಣುವುದರಿಂದ ಹೊಸಬರ ಕಣ್ಣು ತಪ್ಪುತ್ತದೆ. ಅಲ್ಲಿಗೊಂದು ಬೇರೆ ಬಣ್ಣದ ದಾರದ ತುಂಡು ಸಿಕ್ಕಿಸಿಡಿ. ಸಾಲು ಮುಗಿದಾಗಲೆಲ್ಲ ಕಂಬ ಎಣಿಸಿ.

ಕಿರಿದಾದ ಭಾಗವನ್ನು ಬಿಚ್ಚಿಬಿಡಿ. ಬೇಸರವಾಗುತ್ತದೆ, ನಿಜ. ಆದರೆ ಮುಂದೆ ಕಂಬ ಸೇರಿಸಿ ಸರಿಮಾಡಲು ಹೋದರೆ ಅಂಚಿನ ಡೊಂಕು ಉಳಿದೇ ಉಳಿಯುತ್ತದೆ.

ಕುಚ್ಚಿನ ತೆಳು ಸೂಜಿ ಶಾಲಿಗೆ ಬೇಡ. 4 ಅಥವಾ 5 ಮಿ.ಮೀ. ಸೂಜಿ ಇರಲಿ. ಮೊದಲ ಚೈನಿನ ಸಾಲನ್ನು ಬಿಗಿಯಾಗಿ ಎಳೆಯಬೇಡಿ. ಸುಮಾರು 50 ಸೆಂ.ಮೀ. ಅಗಲಕ್ಕೆ ಚೈನು ಹಾಕಿ ಉದ್ದಕ್ಕೆ ಬೆಳೆಸಿದರೆ ಬೇಕಾದಲ್ಲಿ ನಿಲ್ಲಿಸಬಹುದು.

ನೂಲು? ನೇತ್ರಾವತಿ, ಕುಮಾರಧಾರಾ ಕೂಡುವ ನಿಮ್ಮೂರಿನ ಸೆಕೆಗೆ ಉಲ್ಲನ್‌ಗಿಂತ ಹತ್ತಿಯೇ ಹಿತ. ಹತ್ತಿ ಒದ್ದೆಯಾದರೆ ಭಾರವಾಗಿ ಜೋತುಬೀಳುತ್ತದೆ. ಹಾಗಾಗಿ ಒಗೆದ ಶಾಲನ್ನು ಹಗ್ಗಕ್ಕೆ ನೇತುಹಾಕದೆ, ನೀರು ಒತ್ತಿ ತೆಗೆದು ಚಾಪೆಯ ಮೇಲೆ ಅಂಚು ನೇರಮಾಡಿ ಹರಡಿ. ಆಟಿಯ ಮಳೆಯಲ್ಲಾದರೆ ಫ್ಯಾನಿನಡಿ ಒಣಗಿಸಿ. ಪೂರ್ತಿ ಒಣಗುವ ಮುನ್ನ ಮಡಚಿಟ್ಟರೆ ಬೂಸ್ಟು ಹಿಡಿಯುತ್ತದೆ.